ಕಪ್ಪೆ ಬೊಂಡಾಸಿನ ತೊಟ್ಟಿ

ನೀವು ಕಡಲ ಕಿನಾರೆಯಲ್ಲಿ ನಡೆದಾಡಿದ್ದೀರಲ್ಲವೇ? ಮರಳಿನ ಮೇಲೆ ಒಮ್ಮೊಮ್ಮೆ ಬೆಳ್ಳಗಿನ, ಪುಟ್ಟ ದೋಣಿಯಂತಹ, ಬಲು ಹಗುರವಾದ ವಸ್ತು ಸಿಗುತ್ತದೆ. ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಗಿಳಿ ಸಾಕುವವರು ಅದನ್ನು ಗೂಡಿನೊಳಗೆ ತೂಗುಹಾಕುತ್ತಾರೆ. ಅದಕ್ಕೆ ಸಮುದ್ರಫೇನ, ಅಂದರೆ ಕಡಲ ನೊರೆ ಎಂದು ಹೆಸರು. ಆದರೆ ಅದು ನೊರೆಯಲ್ಲ. ಕಪ್ಪೆ ಬೊಂಡಾಸಿನ ಬೆನ್ನಿನೊಳಗಿರುವ ಚಿಪ್ಪು. ಮಲಯಾಳದಲ್ಲಿ ಈ ಜೀವಿಯನ್ನು ಕಣವ ಎನ್ನುತ್ತಾರೆ. ಹೆಸರಿನಲ್ಲಿ ಕಪ್ಪೆ ಇದ್ದರೂ ಕಪ್ಪೆಗೂ ಇದಕ್ಕೂ ನಂಟಿಲ್ಲ. ಇದು ಮೀನೂ ಅಲ್ಲ, ಬಸವನಹುಳುವಿನ ಬಳಗದ ಮೃದ್ವಂಗಿ. ಇದಕ್ಕೆ ಎಂಟು ತೋಳುಗಳು, ಬೇಟೆ ಹಿಡಿಯಲು ಎರಡು ಉದ್ದ ಬಾಹುಗಳು, ಮೂರು ಹೃದಯಗಳು!

ನಮ್ಮ ಕಡಲಿನಲ್ಲಿ ಇದನ್ನು ಬಲೆ ಬೀಸಿ ಹಿಡಿಯುತ್ತಾರೆ. ಸಿಗಡಿಯಂತೆ ಸಾಕಲು ಆಗದೇ? ಪೋರ್ಚುಗಲ್ ದೇಶದ ಅಲ್ಗಾರ್ವೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಯುರೋಪಿನ ಕಪ್ಪೆ ಬೊಂಡಾಸನ್ನು ತೊಟ್ಟಿಗಳಲ್ಲಿ ಸಾಕಿದ್ದಾರೆ. ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ಒಂದರ ಹಿಂದೆ ಒಂದರಂತೆ ಏಳು ತಲೆಮಾರುಗಳನ್ನು ಬೆಳೆಸಿದರು.

ಸಾಕುವವರಿಗೆ ಎರಡು ಚಿಂತೆ. ನೀರು ಎಷ್ಟು ಬೆಚ್ಚಗಿರಬೇಕು? ಒಂದು ತೊಟ್ಟಿಯಲ್ಲಿ ಎಷ್ಟನ್ನು ಬಿಡಬೇಕು?

ಇದರ ಮೊಟ್ಟೆಗಳು ಕಪ್ಪು ದ್ರಾಕ್ಷಿಯ ಗೊಂಚಲಿನಂತೆ ಕಾಣುತ್ತವೆ. ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 40ರಿಂದ 45 ದಿನಗಳಲ್ಲಿ ಮರಿಗಳು ಹೊರಬರುತ್ತವೆ. 15 ಡಿಗ್ರಿಯಾದರೆ ಸುಮಾರು ಎರಡರಷ್ಟು ದಿನ ಬೇಕು. ಈ ಜೀವಿಯ ಮೈಗೆ ನಮ್ಮಂತೆ ಸ್ವಂತ ಬಿಸಿ ಇಲ್ಲ. ನೀರು ಬೆಚ್ಚಗಾದರೆ ಮೈಯೂ ಬೆಚ್ಚಗಾಗುತ್ತದೆ, ಆಹಾರ ಬೇಗ ಜೀರ್ಣವಾಗುತ್ತದೆ, ಹೆಚ್ಚು ತಿಂದು ಬೇಗ ಬೆಳೆಯುತ್ತದೆ.

ಹಾಗಾದರೆ ನೀರನ್ನು ಬಿಸಿ ಮಾಡಿದರಾಯಿತು ಎನ್ನುವಿರಾ? ತಡೆಯಿರಿ. ಬೆಚ್ಚನೆಯ ನೀರಿನಲ್ಲಿ ಅದು ಚಿಕ್ಕದಿರುವಾಗಲೇ ಪ್ರಾಯಕ್ಕೆ ಬಂದು, ಮೊಟ್ಟೆಯಿಟ್ಟು, ಬೇಗ ಸಾಯುತ್ತದೆ. ತಣ್ಣನೆಯ ನೀರಿನಲ್ಲಿ ನಿಧಾನವಾಗಿ ಬೆಳೆದದ್ದು ದೊಡ್ಡದಾಗುತ್ತದೆ, ಹೆಚ್ಚು ಮೊಟ್ಟೆಯಿಡುತ್ತದೆ. ಎಷ್ಟಾದರೂ ಅದರ ಆಯುಷ್ಯ ಒಂದೆರಡು ವರ್ಷ ಮಾತ್ರ.

ಇನ್ನು ಎರಡನೆಯ ಚಿಂತೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯನ್ನು ಊಹಿಸಿಕೊಳ್ಳಿ. ಅದರಲ್ಲಿ ನೀರನ್ನು ಮೊಣಕಾಲಿನಿಂದ ಸೊಂಟದವರೆಗೆ ಏರಿಸಿದರೆ ಜಾಗ ಹೆಚ್ಚಿತೇ? ಮೀನಿಗಾದರೆ ಹೆಚ್ಚಿತು. ಕಪ್ಪೆ ಬೊಂಡಾಸ್ ಹೆಚ್ಚಿನ ಹೊತ್ತು ತಳದಲ್ಲೇ ಇರುತ್ತದೆ. ಆದ್ದರಿಂದ ಅದಕ್ಕೆ ತಳದ ಅಗಲವೇ ಮುಖ್ಯ.

ಜಾಗ ಇಕ್ಕಟ್ಟಾದರೆ ಜಗಳ ಶುರು. ಬಲವಿದ್ದದ್ದು ಸಿಗಡಿಯನ್ನು ಕಸಿದು ತಿನ್ನುತ್ತದೆ. ಸಣ್ಣದು ಸಣ್ಣದಾಗಿಯೇ ಉಳಿಯುತ್ತದೆ. ಹಸಿವು ಹೆಚ್ಚಾದರೆ ದೊಡ್ಡದು ಸಣ್ಣದನ್ನೇ ತಿಂದುಬಿಡುವುದೂ ಉಂಟು. ಬೆದರಿದ್ದು ಶಾಯಿ ಉಗುಳಿ, ಹಿಂದಕ್ಕೆ ಚಿಮ್ಮಿ, ತೊಟ್ಟಿಯ ಗೋಡೆಗೆ ಬಡಿದು ಗಾಯ ಮಾಡಿಕೊಳ್ಳುತ್ತದೆ.

ಈ ಎರಡು ಚಿಂತೆಗಳೂ ಬೇರೆ ಬೇರೆಯಲ್ಲ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಆದರೆ ಅಲ್ಲಿಯೇ ಈ ಜೀವಿಗೆ ಆಮ್ಲಜನಕ ಹೆಚ್ಚು ಬೇಕು! ಹೆಚ್ಚು ತಿಂದದ್ದರಿಂದ ಅಮೋನಿಯ ಎಂಬ ಕೊಳೆಯೂ ಹೆಚ್ಚುತ್ತದೆ. ಹಾಗಾಗಿ ತಂಪು ನೀರಿನಲ್ಲಿ ಹಾಯಾಗಿದ್ದ ಸಂಖ್ಯೆಯೇ ಬಿಸಿ ನೀರಿನಲ್ಲಿ ಅತಿಯಾಗಬಹುದು. ಒತ್ತಾಗಿ ಬೆಳೆದ ನೇಜಿಯನ್ನು ಕಿತ್ತು ದೂರ ದೂರ ನೆಡುವಂತೆ, ಮರಿಗಳು ಬೆಳೆದ ಹಾಗೆ ಅವನ್ನು ಬೇರೆ ತೊಟ್ಟಿಗಳಿಗೆ ಹಂಚಬೇಕು.

ಇಷ್ಟೆಲ್ಲ ಮಾಡಿದರೂ ಇನ್ನೊಂದು ತೊಡಕಿದೆ. ಒಂದು ಸೆಂಟಿಮೀಟರೂ ಇಲ್ಲದ ಎಳೆ ಮರಿಗೆ ಜೀವಂತ ಸಿಗಡಿಮರಿಯೇ ಆಗಬೇಕು. ಅಲುಗಾಡದ್ದನ್ನು ಅದು ಮುಟ್ಟುವುದಿಲ್ಲ. ದಿನವೂ ಅಷ್ಟನ್ನು ಒದಗಿಸುವ ಖರ್ಚು ದೊಡ್ಡದು. ಆದ್ದರಿಂದಲೇ ಪೇಟೆಗೆ ಬರುವ ಕಪ್ಪೆ ಬೊಂಡಾಸ್ ಬಹುಪಾಲು ಇಂದಿಗೂ ಕಡಲಿನಿಂದ ಹಿಡಿದು ತಂದದ್ದು.