ಪದಕ್ಕೊಂದು ಕಾರ್ಡು

ತುಳುವಿನಲ್ಲಿ ‘ನೋಡಿ’ ಎನ್ನಬೇಕಾದಾಗ ಒಬ್ಬರ ಬಾಯಲ್ಲಿ ‘ತೂಲೆ’ ಬರುತ್ತದೆ, ಇನ್ನೊಬ್ಬರ ಬಾಯಲ್ಲಿ ‘ಸೂಲೆ’. ಕೇರಳದ ಗಡಿಗೆ ಹತ್ತಿರವಿರುವ ಕನ್ಯಾನದ ಕಡೆ ತುಳುವಿನ ಜೊತೆ ಹವ್ಯಕ ಕನ್ನಡ, ಮಲಯಾಳ, ಕೊಂಕಣಿಯೂ ಕಿವಿಗೆ ಬೀಳುತ್ತವೆ. ಇಂಥ ಊರಿನ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದರೆ ಬೇಗನೆ ತೊಡಕಾಗುತ್ತದೆ. ನಿನ್ನೆ ಬರೆದ ಎರಡು ಪದಗಳ ನಡುವೆ ಇಂದು ಸಿಕ್ಕಿದ ಪದವನ್ನು ಸೇರಿಸಲು ಜಾಗವಿರುವುದಿಲ್ಲ.

ಕಾರ್ಡಿನಲ್ಲಿ ಈ ತೊಡಕಿಲ್ಲ. ಪದ ಸಿಕ್ಕಿದ ಕ್ರಮ ಯಾವುದೇ ಇರಲಿ, ಜೋಡಿಸುವ ಕ್ರಮವೇ ಬೇರೆ. 1791ರಲ್ಲಿ, ಕ್ರಾಂತಿಯ ಕಾಲದ ಫ್ರಾನ್ಸಿನಲ್ಲಿ, ವಶಪಡಿಸಿಕೊಂಡ ಗ್ರಂಥಗಳನ್ನು ಪಟ್ಟಿ ಮಾಡಲು ಇಸ್ಪೀಟು ಎಲೆಗಳ ಖಾಲಿ ಬೆನ್ನನ್ನೇ ಬಳಸಿದರು. ಮುಂದೆ ಗ್ರಂಥಾಲಯಗಳಲ್ಲಿ 12.5 ಸೆಂ.ಮೀ. ಅಗಲ, 7.5 ಸೆಂ.ಮೀ. ಎತ್ತರದ ದಪ್ಪ ಕಾರ್ಡು ರೂಢಿಗೆ ಬಂತು. ಅದರ ಕೆಳಗಡೆ ಒಂದು ತೂತು. ಡ್ರಾಯರಿನ ಸರಳು ಅದರೊಳಗೆ ಹಾಯ್ದಿರುವುದರಿಂದ ಓದುಗರು ಎಷ್ಟು ತಿರುವಿದರೂ ಕಾರ್ಡು ಕಿತ್ತು ಬರುವುದಿಲ್ಲ.

ನಿಘಂಟಿನ ಕಾರ್ಡಿನಲ್ಲಿ ಮೇಲೆ ಪದ, ಕೆಳಗೆ ಅರ್ಥ, ಸಿಕ್ಕಿದ ಊರು ಅಥವಾ ಗ್ರಂಥ. ‘ಸೂಲೆ’ ಎಂಬ ರೂಪಕ್ಕೂ ಪ್ರತ್ಯೇಕ ಕಾರ್ಡು ಬೇಕು. ಅದರಲ್ಲಿ ‘ತೂಲೆ ನೋಡಿ’ ಎಂದಷ್ಟೇ ಬರೆದರೆ ಸಾಕು. ಈ ಪುಟ್ಟ ಕಾರ್ಡಿನ ಮೇಲೆ ನನಗೆ ವಿಶೇಷ ಗೌರವ. ಯಾರ ಉಚ್ಚಾರವನ್ನೂ ತಪ್ಪೆನ್ನದೆ ಅದು ದಾರಿ ತೋರಿಸುತ್ತದೆ.

ಇನ್ನು ಹುಡುಕುವ ಬಗೆ. ‘ಕನ್ಯಾನ’ ಬೇಕಿದೆ ಎನ್ನಿ. ಕನ್ನಡ ನಿಘಂಟಿನ ಕ್ರಮದಲ್ಲಿ ಸೊನ್ನೆಗೆ ಮೊದಲ ಸ್ಥಾನ, ಒತ್ತಕ್ಷರ ಗುಣಿತದ ನಂತರ. ಹಾಗಾಗಿ ಕಂಬಳ, ಕನಸು, ಕನಿಕರ, ಕನ್ನಡ, ಆಮೇಲೆ ಕನ್ಯಾನ. ಡ್ರಾಯರಿನ ನಟ್ಟನಡುವೆ ಬೆರಳಿಟ್ಟು, ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡದ ಅರ್ಧವನ್ನು ಬಿಡುತ್ತ ಹೋದರೆ ಸಾವಿರ ಕಾರ್ಡುಗಳಲ್ಲಿ ಹೆಚ್ಚೆಂದರೆ 10 ನೋಟ ಸಾಕು. ಲಕ್ಷ ಕಾರ್ಡುಗಳಾದರೂ 17. ಕಾರ್ಡು ನೂರು ಪಟ್ಟು ಹೆಚ್ಚಿದರೂ ಶ್ರಮ ಏಳು ನೋಟವಷ್ಟೇ ಹೆಚ್ಚುತ್ತದೆ! ಇಂದಿನ ಕಂಪ್ಯೂಟರಿನ ಹುಡುಕಾಟಕ್ಕೂ ಅರ್ಧ ಬಿಡುವ ಈ ಉಪಾಯ ಒದಗಿಬಂದಿದೆ. ಆದರೆ ಒಂದು ಕಾರ್ಡು ತಪ್ಪು ಜಾಗಕ್ಕೆ ಹೋಯಿತೋ, ಅದು ಇದ್ದೂ ಇಲ್ಲದಂತೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗ್ರಂಥ, ಶಾಸನಗಳಿಂದ ಆರಿಸಿ ಬರೆದ ಇಂಥ ಕಾರ್ಡುಗಳ ಮೇಲೆಯೇ ನಿಂತಿತು. ತುಳುವಿಗೆ ಮಂಗಳೂರಿನ ಬಾಸೆಲ್ ಮಿಷನ್ 1886ರಲ್ಲೇ ಮ್ಯಾನರ್ ಅವರ ನಿಘಂಟು ಅಚ್ಚುಹಾಕಿತ್ತು. ಬಳಿಕ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳು ಬಂದವು. ಪ್ರದೇಶಕ್ಕೂ ಸಮುದಾಯಕ್ಕೂ ಬದಲಾಗುವ ರೂಪಗಳು ಅಲ್ಲಿ ಒಟ್ಟಿಗೆ ಸಿಗುತ್ತವೆ.

ಗ್ರಂಥಾಲಯಗಳಿಗೆ ಕಾರ್ಡು ಅಚ್ಚುಹಾಕಿ ಕಳಿಸುತ್ತಿದ್ದ ಅಮೆರಿಕದ ಒಂದು ದೊಡ್ಡ ಸಂಸ್ಥೆ 2015ರಲ್ಲಿ ಆ ಕೆಲಸ ನಿಲ್ಲಿಸಿತು. ನಮ್ಮೂರುಗಳಲ್ಲಿ ಮಾತ್ರ ಕಾರ್ಡಿಗೆ ಇನ್ನೂ ಕೆಲಸವಿದೆ. ಗದ್ದೆ, ಬೈಲು, ಮಜಲು, ತೋಡುಗಳ ಹೆಸರು ಹಿರಿಯರ ಬಾಯಲ್ಲಷ್ಟೇ ಉಳಿದಿವೆ. ಗದ್ದೆ ಅಡಿಕೆ ತೋಟವಾದ ಕಡೆ ಹೆಸರೂ ಹೋಗುತ್ತಿದೆ. ಹೆಸರಿಗೊಂದು ಕಾರ್ಡು: ಮೇಲೆ ಹೆಸರು, ಕೆಳಗೆ ಎಲ್ಲಿದೆ, ಈಗ ಅಲ್ಲಿ ಏನಿದೆ, ಬರೆದ ತಾರೀಕು. ಒಂದು ಶಾಲೆಯ ಮಕ್ಕಳು ಬರುವ ರಜೆಯಲ್ಲೇ ಶುರುಮಾಡಬಹುದು.