ಮಕ್ಕಳನ್ನು ಲೈಬ್ರರಿಗೆ ಕರ್ಕೊಂಡು ಹೋಗೋಣ

ನಮ್ಮ ಮನೆಯ ಮಕ್ಕಳು ಆಡುವುದು ಬ್ಯಾರಿ. ಶಾಲೆಯ ಪುಸ್ತಕ ಕನ್ನಡ, ಇಲ್ಲವೇ ಇಂಗ್ಲಿಷ್. ಹಾಗಾಗಿ ಎಷ್ಟೋ ಮಕ್ಕಳಿಗೆ ಪುಸ್ತಕ ಅಂದ್ರೆ ಪರೀಕ್ಷೆಯ ಹೆದರಿಕೆ. ಆ ಹೆದರಿಕೆ ಬಿಡಿಸುವುದು ಕತೆ.

ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆದರೆ ಕಾರ್ಡ್ ಮಾಡಿಸಿದರೆ ಮಾತ್ರ ಸಾಲದು. ವಾರಕ್ಕೊಮ್ಮೆ, ಮದ್ರಸ ಬಿಟ್ಟ ಮೇಲೆ, ಅರ್ಧ ಗಂಟೆ ಮಕ್ಕಳ ಸುತ್ತ ಕೂತು ಕತೆ ಹೇಳುವವರು ಬೇಕು. ಅದು ನಾವೇ ಆಗಬಹುದು.

ದೊಡ್ಡ ಚಿತ್ರಗಳಿರುವ ಪುಸ್ತಕ ಆರಿಸೋಣ. ಒಂದು ಪುಟ ಕನ್ನಡದಲ್ಲಿ ಓದಿ, ಬ್ಯಾರಿಯಲ್ಲಿ ಬಿಡಿಸಿ ಹೇಳೋಣ. “ಮುಂದೆ ಏನಾಗ್ಬಹುದು?” ಅಂತ ಕೇಳಿ ಪುಟ ತಿರುಗಿಸೋಣ. ಅದೇ ಕತೆ ಇನ್ನೊಮ್ಮೆ ಬೇಕೆಂದರೆ ಬೇಸರ ಬೇಡ. ಮತ್ತೆ ಮತ್ತೆ ಕೇಳಿದಾಗಲೇ ಶಬ್ದ ಮನಸ್ಸಲ್ಲಿ ನಿಲ್ಲುವುದು. ಓದಲು ಬಾರದ ಉಮ್ಮಂದಿರೂ ಚಿತ್ರ ತೋರಿಸಿ ಕತೆ ಕಟ್ಟಬಹುದು.

ಕತೆ ಮುಗಿದ ಮೇಲೆ ಪ್ರಶ್ನೆ ಕೇಳಿ ಮಾರ್ಕು ಹಾಕುವುದು ಬೇಡ. ಹರಿದೀತು ಅಂತ ಪುಸ್ತಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕುವುದೂ ಬೇಡ. ಹರಿದ ಪುಟಕ್ಕೆ ಅಂಟು ಹಚ್ಚಬಹುದು. ಚಿಕ್ಕಂದಿನಲ್ಲಿ ತಪ್ಪಿಹೋದ ಓದಿನ ರುಚಿಯನ್ನು ದೊಡ್ಡವರಾದ ಮೇಲೆ ಹತ್ತಿಸುವುದು ಬಹಳ ಕಷ್ಟ.