ಬೆಕ್ಕು ದಪ್ಪಗಾದರೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಬೆಕ್ಕಿದೆ. ಮೊದಲು ಅದು ಅಟ್ಟ ಹತ್ತಿ ಇಲಿ ಹಿಡಿಯುತ್ತಿತ್ತು. ಮರಿ ಹಾಕುವುದು ಬೇಡ ಎಂದು ಆಪರೇಷನ್ ಮಾಡಿಸಿದರು. ಆಮೇಲೆ ಅದಕ್ಕೆ ಹಸಿವು ಹೆಚ್ಚಾಯಿತು, ಓಡಾಟ ಕಮ್ಮಿಯಾಯಿತು. ಹಾಲು ಅನ್ನ ಹಾಕಿದಷ್ಟೂ ತಿಂದು ಒಲೆ ಪಕ್ಕ ಮಲಗುತ್ತಿತ್ತು. ಹೊಟ್ಟೆ ಜೋತುಬಿತ್ತು.

"ಟೀಚರ್, ಒಂದು ವಾರ ಏನೂ ಹಾಕದಿದ್ದರೆ ಇಳಿಯುತ್ತೆ ಅಲ್ವಾ?" ಅಂತ ಆ ಅಕ್ಕ ಕೇಳಿದರು.

"ಬೇಡ ಅಕ್ಕಾ, ಬೆಕ್ಕು ಸತ್ತು ಹೋದೀತು" ಅಂದೆ. ಎಲ್ಲರೂ ನಕ್ಕರು. ನಾವು ಏಕಾದಶಿ ಉಪವಾಸ ಮಾಡಲ್ವಾ ಅಂದರು. ಬೆಕ್ಕಿನ ಲೆಕ್ಕ ಬೇರೆ. ಹೇಗೆ ಅಂತ ನೋಡೋಣ.

ರಕ್ತ ಅಂದರೆ ಬರೀ ಕೆಂಪು ನೀರಲ್ಲ. ಅದರಲ್ಲಿ ಹಲವು ಬಗೆಯ ಪ್ರೋಟೀನ್ ಇದೆ. ಬೇಳೆ, ಮೊಟ್ಟೆ, ಮೀನಿನಲ್ಲಿ ಪ್ರೋಟೀನ್ ಇದೆ ಎಂದು ನೀವು ಕೇಳಿದ್ದೀರಿ. ತಿಂದ ಪ್ರೋಟೀನನ್ನು ಮೈ ಬಿಡಿಸಿ, ತನಗೆ ಬೇಕಾದ ಹಾಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಹಳೇ ಸ್ವೆಟರ್ ಬಿಚ್ಚಿ ಹೊಸದು ಹೆಣೆದ ಹಾಗೆ. ಇನ್ಸುಲಿನ್ ಕೂಡ ಹೀಗೆ ಕಟ್ಟಿದ ಒಂದು ಪ್ರೋಟೀನ್. ಸಕ್ಕರೆ ಕಾಯಿಲೆಯವರು ಚುಚ್ಚಿಸಿಕೊಳ್ಳುತ್ತಾರಲ್ಲ, ಅದೇ. ರಕ್ತದಲ್ಲಿರುವ ಸಕ್ಕರೆ ಮೈಗೆ ಸೇರಲು ಅದು ಬಾಗಿಲು ತೆಗೆಯುತ್ತದೆ.

ಕೊಬ್ಬು ಅಂದರೆ ಸುಮ್ಮನೆ ಕಟ್ಟಿಟ್ಟ ಗಂಟು ಅಂತ ನಾನೂ ತಿಳಿದಿದ್ದೆ. ಹಾಗಲ್ಲ. ಕೊಬ್ಬು ಕೂಡ ರಕ್ತಕ್ಕೆ ಪ್ರೋಟೀನ್ ಬಿಡುತ್ತದೆ. ಅದರಲ್ಲಿ ಒಂದರ ಹೆಸರು ಅಡಿಪೊನೆಕ್ಟಿನ್. ಹೆಸರು ಉದ್ದ, ಮರೆತರೂ ಪರವಾಗಿಲ್ಲ. ಅದರ ಕೆಲಸ ನೆನಪಿಡಿ. ಬಾಗಿಲು ತೆಗೆಯಲು ಅದು ಇನ್ಸುಲಿನ್‌ಗೆ ಕೈಜೋಡಿಸುತ್ತದೆ. ಬೆಕ್ಕು ದಪ್ಪಗಾದರೆ ರಕ್ತದಲ್ಲಿ ಇದು ಕಮ್ಮಿಯಾಗುತ್ತದೆ. ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ದಪ್ಪ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಸಂಭವ 4 ಪಟ್ಟಿನವರೆಗೂ ಹೆಚ್ಚು.

ಇಷ್ಟು ಕೇಳಿದ ಮೇಲೆ ಉಪವಾಸವೇ ಒಳ್ಳೇದು ಅನಿಸಬಹುದು. ಅಲ್ಲೇ ಇರೋದು ಅಪಾಯ. ಊಟ ನಿಂತ ಕೂಡಲೇ ಮೈಯ ಕೊಬ್ಬು ಕರಗಿ ಈಲಿಗೆ, ಅಂದರೆ ಲಿವರಿಗೆ, ಬಂದು ಸೇರುತ್ತದೆ. ಅಲ್ಲಿಂದ ಕೊಬ್ಬನ್ನು ಹೊತ್ತು ಸಾಗಿಸಲು ಪ್ರೋಟೀನೇ ಬೇಕು. ಊಟವಿಲ್ಲದೆ ಪ್ರೋಟೀನ್ ಎಲ್ಲಿಂದ ಬರಬೇಕು? ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಕೆಲವೇ ದಿನದಲ್ಲಿ ಕಾಮಾಲೆ ಬರುತ್ತದೆ. ವಸಡು, ಕಿವಿಯ ಒಳಭಾಗ ಹಳದಿಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಬೆಕ್ಕು ಉಳಿಯುವುದು ಕಷ್ಟ. ಹಾಗಾಗಿ ದಪ್ಪ ಬೆಕ್ಕು ತಾನಾಗಿ ಒಂದು ದಿನ ಪೂರ್ತಿ ಊಟ ಬಿಟ್ಟರೂ ದನದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಬೆಕ್ಕನ್ನೂ ನೋಡುತ್ತಾರೆ.

ದಪ್ಪ ಎಂದು ತಿಳಿಯುವುದು ಹೇಗೆ? ಪಕ್ಕೆ ಸವರಿ ನೋಡಿ. ಎಲುಬು ಕೈಗೆ ಸಿಗಬೇಕು. ಸಾಧಾರಣ ಬೆಕ್ಕು 3ರಿಂದ 5 ಕೆ.ಜಿ. ತೂಗುತ್ತದೆ. ಚೀಲದಲ್ಲಿ ಕೂರಿಸಿ ಅಂಗಡಿ ತಕ್ಕಡಿಯಲ್ಲಿ ತೂಗಿಸಬಹುದು, ಪರಚಿಸಿಕೊಳ್ಳದಿದ್ದರೆ!

ಇಳಿಸುವುದು ನಿಧಾನವಾಗಿ. 6 ಕೆ.ಜಿ. ಬೆಕ್ಕು ವಾರಕ್ಕೆ 60 ಗ್ರಾಂ ಇಳಿದರೆ ಸಾಕು. ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಅನ್ನ ಕಡಿಮೆ ಮಾಡಿ, ಬೇಯಿಸಿದ ಮೀನು, ಕೋಳಿ, ಮೊಟ್ಟೆ ಸ್ವಲ್ಪ ಸ್ವಲ್ಪ ಕೊಡಿ. ಮೀನಿನ ಮುಳ್ಳು, ಕೋಳಿ ಮೂಳೆ ತೆಗೆದಿರಬೇಕು. ಹಾಲು ಬೇಕಾಗಿಲ್ಲ. ದೊಡ್ಡ ಬೆಕ್ಕಿಗೆ ಹಲವು ಸಲ ಅದು ಅರಗುವುದೂ ಇಲ್ಲ. ದಾರಕ್ಕೆ ಬಟ್ಟೆ ಕಟ್ಟಿ ಎಳೆಯಿರಿ, ಓಡಲಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿಬಿಟ್ಟೀತು.

ಬೆಕ್ಕು ಚೆನ್ನಾಗಿ ತಿಂದೂ ಬೇಗ ಸಣ್ಣಗಾಗುತ್ತಿದ್ದರೆ, ನೀರು ಹೆಚ್ಚು ಕುಡಿದು ಮೂತ್ರ ಹೆಚ್ಚು ಮಾಡುತ್ತಿದ್ದರೆ, ಇಳಿಯಿತು ಎಂದು ಖುಷಿ ಪಡಬೇಡಿ. ಅದು ಸಕ್ಕರೆ ಕಾಯಿಲೆ ಇರಬಹುದು. ಮನೆಯಲ್ಲಿ ಯಾರೋ ನುಂಗುವ ಸಕ್ಕರೆ ಮಾತ್ರೆಯನ್ನು ಅದಕ್ಕೆ ಕೊಡಬೇಡಿ, ಡಾಕ್ಟರಿಗೆ ತೋರಿಸಿ. ಬೇಗ ಚಿಕಿತ್ಸೆ ಶುರುವಾದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಕಾಗುವುದೇ ಇಲ್ಲ.